ಸ್ಫಿಂಕ್ಸ್ ಕೈಪಿಡಿಯ ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಪಡಿಸಿದ ಬಗೆ

ಮಂಡ್ಯದ ಕಬ್ಬು ಬೆಳೆಗಾರರಿಗಾಗಿ ಬರೆದ ತೂಕದ ಲೆಕ್ಕದ ತಂತ್ರಾಂಶಕ್ಕೆ ಸ್ಫಿಂಕ್ಸ್ ಎಂಬ ಕೈಪಿಡಿ ತಯಾರಿಕೆಯ ಸಾಧನದಲ್ಲಿ ಕನ್ನಡ ಕೈಪಿಡಿ ಸಿದ್ಧಪಡಿಸುತ್ತಿದ್ದೆ. ಎಚ್‌ಟಿಎಂಎಲ್ ಪುಟಗಳು ಸರಿಯಾಗಿದ್ದವು. ಪಿಡಿಎಫ್ ಮಾತ್ರ ಮೊದಲ ಕನ್ನಡ ಅಕ್ಷರದಲ್ಲೇ ಯೂನಿಕೋಡ್ ದೋಷ ತೋರಿಸಿ ನಿಲ್ಲುತ್ತಿತ್ತು.

ಕಡತಗಳನ್ನು ಯುಟಿಎಫ್-8ರಲ್ಲಿ ಮತ್ತೆ ಉಳಿಸಿದ್ದು, ಫಾಂಟನ್ನು ಮರುಸ್ಥಾಪಿಸಿದ್ದು, ಭಾಷೆಯನ್ನು ಕನ್ನಡವೆಂದು ಬದಲಿಸಿದ್ದು ಯಾವುದೂ ಫಲಿಸಲಿಲ್ಲ. ಪಿಡಿಎಫ್ ತಯಾರಿಸಲು ಸ್ಫಿಂಕ್ಸ್ ಲೇಟೆಕ್ ಎಂಬ ಅಕ್ಷರಜೋಡಣೆ ವ್ಯವಸ್ಥೆಯ ಒಂದು ಎಂಜಿನ್ನನ್ನು ಬಳಸುತ್ತದೆ. ಚೀನೀ, ಗ್ರೀಕ್ ಭಾಷೆಗಳಿಗೆ ಅದು ತಾನಾಗಿಯೇ ಝೀಲೇಟೆಕ್ ಎಂಬ ಎಂಜಿನ್ ಆರಿಸಿಕೊಳ್ಳುತ್ತದೆ. ಕನ್ನಡಕ್ಕೆ ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ನೇ ಉಳಿಯುತ್ತದೆ, ಅದಕ್ಕೆ ಗಣಕದಲ್ಲಿರುವ ಓಪನ್‌ಟೈಪ್ ಫಾಂಟುಗಳನ್ನು ನೇರವಾಗಿ ಬಳಸಲು ಬಾರದು.

ಸ್ಫಿಂಕ್ಸ್‌ನ ಸಂರಚನೆಗಳಿರುವ ಕಾನ್ಫ್.ಪೈ ಕಡತದಲ್ಲಿ ಲೇಟೆಕ್_ಎಂಜಿನ್ ಮೌಲ್ಯವನ್ನು ಝೀಲೇಟೆಕ್ ಎಂದು ಬದಲಿಸಿದಾಗ ಪಿಡಿಎಫ್ ತಯಾರಾಯಿತು. ಆದರೆ ಫಾಂಟಿನ ಹೆಸರನ್ನಷ್ಟೇ ಕೊಟ್ಟಿದ್ದರಿಂದ 'ಮದ್ದೂರು' ಎಂಬುದು 'ಮದ್‌ದೂರು' ಎಂದೂ 'ಮಂಡ್ಯ' ಎಂಬುದು 'ಮಂಡ್‌ಯ' ಎಂದೂ ಮುದ್ರಣವಾಯಿತು. ಝೀಲೇಟೆಕ್‌ನಲ್ಲಿ ಫಾಂಟುಗಳನ್ನು ಹೊಂದಿಸುವ ಫಾಂಟ್‌ಸ್ಪೆಕ್ ಎಂಬ ಪ್ಯಾಕೇಜಿಗೆ ಲಿಪಿ ಯಾವುದೆಂದು ಹೇಳದಿದ್ದರೆ ಫಾಂಟಿನೊಳಗಿರುವ ಒತ್ತಕ್ಷರದ ನಿಯಮಗಳು ಜಾರಿಗೆ ಬರುವುದಿಲ್ಲ; ನನ್ನ ಹೆಚ್ಚಿನ ಸಮಯ ಹೋದದ್ದು ಇಲ್ಲಿಯೇ.

ಕೊನೆಗೆ ಅದೇ ಕಾನ್ಫ್.ಪೈ ಕಡತದ ಲೇಟೆಕ್_ಎಲಿಮೆಂಟ್ಸ್‌ನ ಫಾಂಟ್‌ಪಿಕೆಜಿ ಎಂಬಲ್ಲಿ ಸೆಟ್‌ಮೇನ್‌ಫಾಂಟ್‌ಗೆ ನೋಟೋ ಸೆರಿಫ್ ಕನ್ನಡವನ್ನೂ ಸೆಟ್‌ಸಾನ್ಸ್‌ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡವನ್ನೂ ಕೊಟ್ಟು, ಎರಡರ ಚೌಕ ಆವರಣದಲ್ಲೂ ಸ್ಕ್ರಿಪ್ಟ್=ಕನ್ನಡ ಎಂದು ಸೇರಿಸಿದೆ. ಸ್ಫಿಂಕ್ಸ್ ಶೀರ್ಷಿಕೆಗಳನ್ನು ಸಾನ್ಸ್ ಫಾಂಟಿನಲ್ಲಿ ಹಾಕುವುದರಿಂದ ಎರಡನೆಯದನ್ನು ಬಿಟ್ಟರೆ ಪಠ್ಯ ಸರಿಯಾಗಿದ್ದು ತಲೆಬರಹಗಳು ಮಾತ್ರ ಕೆಟ್ಟಿರುತ್ತವೆ. ಈ ಹೆಸರುಗಳನ್ನೆಲ್ಲ ಕಡತದಲ್ಲಿ ರೋಮನ್ ಅಕ್ಷರಗಳಲ್ಲೇ ಬರೆಯಬೇಕು.

ಅನಂತರ ಮೊದಲು ಮೇಕ್ ಕ್ಲೀನ್, ಆಮೇಲೆ ಮೇಕ್ ಲೇಟೆಕ್‌ಪಿಡಿಎಫ್ ಆದೇಶ ಕೊಡಬೇಕು. ಹಳೆಯ ಎಂಜಿನ್ ಬಿಟ್ಟುಹೋದ ಸಹಾಯಕ ಕಡತಗಳನ್ನು ಅಳಿಸದೆ ಮುಂದುವರಿದಾಗ ನನಗೆ ಬೇರೆಯೇ ದೋಷಗಳು ಕಾಣಿಸಿಕೊಂಡಿದ್ದವು.