ಸ್ಕೂಟರ್‌ನಲ್ಲಿ ನಂದಿಬೆಟ್ಟ: ಇಳಿಯುವಾಗ ಬ್ರೇಕು ಕೈಕೊಡದಿರಲು

ಚಿಕ್ಕಬಳ್ಳಾಪುರದಲ್ಲಿ ಸ್ಕೂಟರ್ ಇದ್ದವರಿಗೆ ನಂದಿಬೆಟ್ಟಕ್ಕೆ ಬಸ್ಸಿನ ಹಂಗಿಲ್ಲ, ಮನಸ್ಸಾದಾಗ ಹೊರಟರಾಯಿತು. ಹತ್ತುವುದು ಸುಲಭ, ಎಚ್ಚರ ಬೇಕಿರುವುದು ಇಳಿಯುವಾಗ.

ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿ. ಆಕ್ಟಿವಾದಂಥ 110 ಸಿಸಿ ಗಾಡಿಗೆ ಸಾಮಾನ್ಯವಾಗಿ ಮುಂದೆ 22, ಹಿಂದೆ 29 ಪಿಎಸ್‌ಐ. ಹಿಂದೆ ಇನ್ನೊಬ್ಬರು ಕೂತರೆ ಹಿಂದಿನ ಟೈರಿಗೆ 36. ಡ್ರಮ್ ಬ್ರೇಕಿನ ಲಿವರ್ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಹೆಚ್ಚಿದ್ದರೆ ಚಕ್ರದ ಬಳಿಯ ನಟ್ಟನ್ನು ಅರ್ಧರ್ಧ ಸುತ್ತು ಬಿಗಿ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ. ಉಜ್ಜುವ ಸದ್ದು ಬಂದರೆ ಬಿಗಿ ಜಾಸ್ತಿಯಾಯಿತು.

ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಜಾಣತನ ಬೇಡವೇ ಬೇಡ. ವೇಗ ತೀರಾ ತಗ್ಗಿದರೆ ಸ್ಕೂಟರಿನೊಳಗಿನ ಆಟೊಮ್ಯಾಟಿಕ್ ಕ್ಲಚ್ ಬಿಟ್ಟುಕೊಂಡು, ಎಂಜಿನ್ನಿನ ತಡೆಯಿಲ್ಲದೆ ಗಾಡಿ ತಾನಾಗಿ ಉರುಳುತ್ತದೆ. ಎಂಜಿನ್ ಓಡುತ್ತಿದ್ದರೆ ಚೂರು ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಮತ್ತೆ ಹಿಡಿತಕ್ಕೆ ಬರುತ್ತದೆ. ಬ್ರೇಕನ್ನು ಒತ್ತಿಯೇ ಇಟ್ಟರೆ ಡ್ರಮ್ಮಿನೊಳಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಕಾದು ಕಚ್ಚುವುದಿಲ್ಲ. ತಿರುವಿಗೆ ಮುಂಚೆ ಮುಂದಿನ, ಹಿಂದಿನ ಎರಡೂ ಬ್ರೇಕನ್ನು ಒತ್ತಿ, ವೇಗ ಇಳಿದ ಮೇಲೆ ಬಿಡಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಡ್ರಮ್ ತಾನಾಗಿ ತಣಿಯಲಿ, ನೀರು ಸುರಿಯಬೇಡಿ.

ಮೇಲೆ ಕೋತಿಗಳ ಕಾಟ. ತಿಂಡಿ ಕವರನ್ನು ಕೊಕ್ಕೆಗೆ ನೇತುಹಾಕದೆ ಸೀಟಿನಡಿ ಬೀಗ ಹಾಕಿಡಿ.