ಎನ್‌ಕ್ಲೆಕ್ಸ್-ಪಿಎನ್‌ಗೆ ನಾನು ಓದಿದ ಬಗೆ

ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಆಗಬೇಕಾದರೆ ಕೋರ್ಸ್ ಮುಗಿಸಿ ಎನ್‌ಕ್ಲೆಕ್ಸ್-ಪಿಎನ್ ಅನ್ನುವ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಈ ನರ್ಸ್‌ಗೆ ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಶನಲ್ ನರ್ಸ್) ಅನ್ನುತ್ತಾರೆ, ಉಳಿದ ಕಡೆ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್). ಪರೀಕ್ಷೆ ಒಂದೇ. ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತಲೇ ನಾನು ಇದಕ್ಕೆ ಓದಿದೆ.

ರಕ್ತದಲ್ಲಿ ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5 ಇದ್ದರೆ ಸರಿ ಅಂತ ಬಾಯಿಪಾಠ ಮಾಡಲೇಬೇಕು. ಆದರೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆ ‘ಮೊದಲು ಏನು ಮಾಡುತ್ತೀರಿ?’ ಅಂತ. ಅದಕ್ಕೇ ನೋಟ್‌ಬುಕ್‌ನ ಒಂದೊಂದು ಪುಟಕ್ಕೂ ಒಬ್ಬೊಬ್ಬ ರೋಗಿಯನ್ನು ಕಲ್ಪಿಸಿಕೊಂಡು ಬರೆದೆ.

ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆಯ ಪುಟದಲ್ಲಿ ಒಬ್ಬ ಅಜ್ಜಿ. ಹಾರ್ಟ್ ಫೇಲ್ಯೂರ್. ಜೊತೆಗೆ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಕೂಡ ತಗೊಳ್ಳುತ್ತಾರೆ. ಬೆಳಿಗ್ಗೆ ತಿಂಡಿ ಬೇಡ ಅನ್ನುತ್ತಿದ್ದಾರೆ, ವಾಕರಿಕೆ, ಲೈಟಿನ ಸುತ್ತ ಹಳದಿ ಬಳೆ ಕಾಣುತ್ತಿದೆಯಂತೆ. ಮಾತ್ರೆ ನಿಮ್ಮ ಕೈಯಲ್ಲಿದೆ. ಈಗ? ಎಡ ಎದೆಯ ಐದನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ, ಕಾಲರ್ ಬೋನ್ ಮಧ್ಯದಿಂದ ನೇರ ಕೆಳಗೆ, ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎದೆಬಡಿತ ಎಣಿಸಬೇಕು. 60ಕ್ಕಿಂತ ಕಡಿಮೆ ಬಂದರೆ ಮಾತ್ರೆ ಕೊಡಬಾರದು. 64 ಬಂದರೂ ಈ ಲಕ್ಷಣಗಳಿದ್ದಾಗ ಕೊಡಬಾರದು, ಕೂಡಲೇ ಆ ಪಾಳಿಯ ಹೊಣೆ ಹೊತ್ತ ಚಾರ್ಜ್ ನರ್ಸ್‌ಗೆ ಹೇಳಬೇಕು. ಫ್ಯುರೋಸೆಮೈಡ್‌ನಿಂದ ಮೂತ್ರದ ಜೊತೆ ಪೊಟ್ಯಾಸಿಯಂ ಹೋಗುತ್ತದೆ. ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ವಿಷವಾಗುವುದು ಸುಲಭ. ಇಷ್ಟು ಗೊತ್ತಾದ ಮೇಲೆ 3.5 ಮರೆಯಲು ಹೇಗೆ ಸಾಧ್ಯ?

ಯಾವ ಕೆಲಸ ನಮ್ಮದು, ಯಾವುದು ನಮಗಿಂತ ಮೇಲಿನ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಅವರದು ಅನ್ನುವುದಕ್ಕೂ ಜಾಸ್ತಿ ಹೊತ್ತು ಕೊಟ್ಟೆ. ಹೊಸದಾಗಿ ಅಡ್ಮಿಟ್ ಆದವರ ಮೊದಲ ಅಸೆಸ್‌ಮೆಂಟ್, ರೋಗಿಗೆ ಆರೈಕೆಯ ಬಗ್ಗೆ ಮೊದಲ ಸಲ ಹೇಳಿಕೊಡುವುದು ಆರ್‌ಎನ್ ಕೆಲಸ. ಸ್ಥಿತಿ ಏರುಪೇರಾಗದೆ ಇರುವವರ ಡ್ರೆಸಿಂಗ್, ಇನ್ಸುಲಿನ್ ಇಂಜೆಕ್ಷನ್ ನಮ್ಮದು. ಹಾಗಂತ ನಮ್ಮ ಕಣ್ಣಿನ ಕೆಲಸ ಚಿಕ್ಕದಲ್ಲ. ಥೈರಾಯ್ಡ್ ಆಪರೇಷನ್ ಆದವರು ಬಾಯಿ ಸುತ್ತ ಜುಮ್ಮೆನ್ನುತ್ತಿದೆ ಅಂದರೆ ಕ್ಯಾಲ್ಸಿಯಂ ಇಳಿಯುತ್ತಿರಬಹುದು. ಅದು ಕಾಯುವ ಮಾತಲ್ಲ.

ಪರೀಕ್ಷೆಯ ಸಮಯ ಒಟ್ಟು 5 ಗಂಟೆ. 85ರಿಂದ 150 ಪ್ರಶ್ನೆ. ನಿಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನದನ್ನು ಆರಿಸುತ್ತದೆ. 85ಕ್ಕೇ ನಿಂತರೆ ಪಾಸೂ ಇರಬಹುದು, ಫೇಲೂ ಇರಬಹುದು, ಸುಮ್ನೆ ಲೆಕ್ಕ ಹಾಕಬೇಡಿ. 2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿ ಬಂದಿವೆ, ಒಂದು ಕೇಸ್‌ಗೆ 6 ಪ್ರಶ್ನೆ. ರೋಗಿಗಳನ್ನು ಇಟ್ಟುಕೊಂಡು ಓದಿದ್ದು ಇಲ್ಲಿ ತುಂಬಾ ನೆರವಾಯಿತು.

ದಿನದ ಪಾಠವನ್ನು ಅಮ್ಮನಿಗೆ ಫೋನಿನಲ್ಲಿ ಕನ್ನಡದಲ್ಲೇ ಹೇಳುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಶುಗರ್ 70ಕ್ಕಿಂತ ಇಳಿದು, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ 15 ಗ್ರಾಂ ಸಕ್ಕರೆಯಂಶ, ಅಂದರೆ ಅರ್ಧ ಕಪ್ ಜ್ಯೂಸ್, ಆಮೇಲೆ 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು ಅಂತ ಹೇಳಿದೆ. “ಎಚ್ಚರ ತಪ್ಪಿದ್ದರೆ ಏನೇ ಮಾಡ್ತೀಯ?” ಅಂದರು. ಪರೀಕ್ಷೆಯೂ ಇದನ್ನೇ ಕೇಳುತ್ತದೆ. ಬಾಯಿಗೆ ಏನೂ ಹಾಕಬಾರದು, ಒಂದು ಪಕ್ಕಕ್ಕೆ ಮಲಗಿಸಬೇಕು, ಡಾಕ್ಟರ ಆರ್ಡರ್ ಇದ್ದರೆ ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಕೊಡಬೇಕು, ಸಹಾಯಕ್ಕೆ ಕರೆಯಬೇಕು.