1.5 ಟೆಸ್ಲಾದಲ್ಲೇ ಆಯಿತು: ಅಲ್ಝೈಮರ್ ಸುಳಿವು ಹಿಡಿದ ನನ್ನ ಅನುಭವ

ಶಿವಮೊಗ್ಗದಲ್ಲಿ ಕೂತು, 1.5 ಟೆಸ್ಲಾ ಎಂಆರ್‌ಐ ಇಟ್ಟುಕೊಂಡು (ಟೆಸ್ಲಾ ಅಂದರೆ ಮೆಷಿನ್ನಿನ ಅಯಸ್ಕಾಂತದ ಬಲ), ಪೆಟ್ ಸ್ಕ್ಯಾನ್ ಇಲ್ಲದೆ ಅಲ್ಝೈಮರ್ ಸುಳಿವು ಮೊದಲೇ ಹಿಡಿಯುತ್ತೇನೆ ಅಂದಾಗ ಯಾರೂ ನಂಬಲಿಲ್ಲ. "3 ಟೆಸ್ಲಾ ಬರಲಿ, ಆಮೇಲೆ ನೋಡೋಣ" ಅಂದರು ಒಬ್ಬರು. ಇನ್ನೊಬ್ಬ ನ್ಯೂರಾಲಜಿಸ್ಟ್, ನನಗಿಂತ ಹಿರಿಯರು, "ಹಿಡಿದು ಏನ್ ಮಾಡ್ತೀರಿ ಸಾರ್, ಔಷಧಿ ಎಲ್ಲಿದೆ?" ಅಂತ ಕೇಳಿದರು. ಅವರೇ ಈಗ ತಿಂಗಳಿಗೆ ಮೂರು ನಾಲ್ಕು ಜನರನ್ನು ಚೀಟಿ ಬರೆದು ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಎಂಟಿಎ ಸ್ಕೋರ್ (ನೆನಪಿನ ಭಾಗದ ಸುತ್ತ ಮೆದುಳು ಎಷ್ಟು ಕುಗ್ಗಿದೆ ಅನ್ನುವ ಅಂಕ), ಫಜೇಕಾಸ್ (ಮೆದುಳಿನ ಬಿಳಿ ಭಾಗದ ಕಲೆಗಳ ಅಂಕ) ಎಲ್ಲ ಸ್ಕ್ಯಾನ್ ಓದುವವರಿಗೆ ಗೊತ್ತಿರುವುದೇ. ಕೊರೋನಲ್ ಟಿ1 (ಮುಖಕ್ಕೆ ಸಮಾನಾಂತರವಾಗಿ ಸೀಳಿದಂಥ ಚಿತ್ರ) ತೆಗೆದು ಎಂಟಿಎಗೆ 0ಯಿಂದ 4ರವರೆಗೆ ಅಂಕ ಕೊಡುವುದನ್ನು ನಾವೆಲ್ಲ ಮಾಡುತ್ತೇವೆ. ನನ್ನ ಕಷ್ಟ ಅಲ್ಲಿಂದಲೇ ಶುರುವಾಯಿತು. ಕಣ್ಣಿಗೆ 2 ಅಂತ ಕಾಣುವ ಹೊತ್ತಿಗೆ ಮನೆಯವರಿಗೆ ಆಗಲೇ ಎಲ್ಲ ಗೊತ್ತಾಗಿರುತ್ತದೆ. ಅವರು ಅರಳು ಮರಳು ಅಂತ ಸುಮ್ನೆ ಇದ್ದಿರುತ್ತಾರೆ, ಅಷ್ಟೇ. ನನಗೆ ಬೇಕಾಗಿದ್ದು ಅದಕ್ಕಿಂತ ಎರಡು ಮೂರು ವರ್ಷ ಮುಂಚಿನ ಗುರುತು. ಹಾಗಾಗಿ ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್ ಅನ್ನುವ ಮೆದುಳಿನ ಭಾಗವನ್ನು ಅಳೆಯಲೇಬೇಕು ಅಂತ ತೀರ್ಮಾನಿಸಿ, ಸ್ಕ್ಯಾನಿನಿಂದ ಮೆದುಳಿನ ಭಾಗಗಳ ಗಾತ್ರ ಲೆಕ್ಕ ಹಾಕುವ ಫ್ರೀಸರ್ಫರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ.

ಮೊದಲ ವರ್ಷ ಪೂರ್ತಿ ಸೋಲು. ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಗೊತ್ತಲ್ಲ. ಒಬ್ಬರ ಸ್ಕ್ಯಾನ್ ಲೆಕ್ಕ ಮುಗಿಯಲು ನನ್ನ ಹಳೇ ಕಂಪ್ಯೂಟರ್‌ಗೆ 11, 12 ಗಂಟೆ ಬೇಕಿತ್ತು. ರಾತ್ರಿ ಹಾಕಿ ಹೋದರೆ ಬೆಳಗಿನ ಜಾವ ಕರೆಂಟ್ ಹೋಗಿ ಎಲ್ಲ ಅರ್ಧಕ್ಕೇ ನಿಂತಿರುತ್ತಿತ್ತು. ಆ ಜುಲೈನಲ್ಲಿ ಒಬ್ಬರೇ ಅಜ್ಜಿಯ ಸ್ಕ್ಯಾನನ್ನು ಐದು ಸಲ ಓಡಿಸಿದ್ದೇನೆ. ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಕಂಪ್ಯೂಟರ್‌ಗೆ ಸುಮಾರು 1.6 ಲಕ್ಷ, ಯುಪಿಎಸ್ ಮತ್ತು ಬ್ಯಾಟರಿಗೆ 50 ಸಾವಿರದ ಮೇಲೆ ಕೈಯಿಂದ ಹಾಕಿದೆ. ಇದೇ ಕೆಲಸವನ್ನು ಬೇಗ ಮಾಡುವ ಫಾಸ್ಟ್‌ಸರ್ಫರ್ ಕೂಡ ಹಾಕಿಕೊಂಡೆ. ಅದರಲ್ಲಿ ಮೆದುಳಿನ ಭಾಗ ಬಿಡಿಸುವುದು ಒಂದೆರಡು ನಿಮಿಷದ ಕೆಲಸ. ರೋಗಿ ಬಟ್ಟೆ ಬದಲಿಸುವಷ್ಟರಲ್ಲಿ ಸ್ಕ್ಯಾನ್ ಚೆನ್ನಾಗಿ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ, ಕೆಟ್ಟಿದ್ದರೆ ಅವತ್ತೇ ಮತ್ತೆ ಮಲಗಿಸಬಹುದು. ಕೊನೆಯ ಅಳತೆಗೆ ಮಾತ್ರ ನಾನು ಈಗಲೂ ಫ್ರೀಸರ್ಫರ್ ಅನ್ನೇ ನಂಬುತ್ತೇನೆ.

ಎರಡನೇ ಸೋಲು ದುಡ್ಡಿನದಲ್ಲ. ಅದನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

ಅಡಿಕೆ ತೋಟದ ಯಜಮಾನರೊಬ್ಬರು, ವಯಸ್ಸು 61. ಹೆಸರು ಮರೆಯುತ್ತಾರೆ, ಮಾತು ಕಮ್ಮಿಯಾಗಿದೆ ಅಂತ ಮಗ ಕರೆತಂದಿದ್ದ. ಎರಡೂ ಕಡೆಯ ಹಿಪ್ಪೋಕ್ಯಾಂಪಸ್ ಚಿಕ್ಕದಿತ್ತು. ನಾನು ಹೋಲಿಸಿದ್ದು ಅಮೆರಿಕದವರ ಪಟ್ಟಿಗೆ, ಅದೂ ತಲೆಯ ಗಾತ್ರವನ್ನು ಸರಿಯಾಗಿ ಲೆಕ್ಕಕ್ಕೆ ತಗೊಳ್ಳದೆ. ರಿಪೋರ್ಟಿನಲ್ಲಿ ಅಲ್ಝೈಮರ್ ರಿಸ್ಕ್ ಜಾಸ್ತಿ ಅಂತ ಬರೆದುಬಿಟ್ಟೆ. ಒಂದು ಕಾಗದ ಎಷ್ಟು ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮನೆಯ ಬೀಗದ ಕೈ ಹೋಯಿತು, ಪಾಸ್‌ಬುಕ್ ದೊಡ್ಡ ಮಗನ ಕೈಗೆ ಹೋಯಿತು, ಪಾಲಿನ ಮಾತು ಎದ್ದಿತು. 14 ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದರೆ ಒಂದು ಚೂರೂ ಬದಲಾಗಿಲ್ಲ. ಅವರ ತಲೆಯೇ ಚಿಕ್ಕದು. ಮೊದಲ ಸ್ಕ್ಯಾನಿನಲ್ಲಿ ಕೆಮ್ಮಿ ಅಲುಗಾಡಿದ್ದರು ಬೇರೆ. ತಮ್ಮ ತೀರಿಕೊಂಡ ಮೇಲೆ ಖಿನ್ನತೆ ಹಿಡಿದಿತ್ತು, ಬಿ12 ತೀರಾ ಕೆಳಗಿತ್ತು. ಅಷ್ಟರಲ್ಲಿ ಎರಡಕ್ಕೂ ಔಷಧಿ ತಗೊಂಡು ಸುಮಾರು ಸರಿಯಾಗಿದ್ದರು. "ಡಾಕ್ಟ್ರೇ, ಹಂಗಾದ್ರೆ ನಂಗೇನೂ ಇಲ್ವಾ?" ಅಂತ ಕೇಳಿದರು. ಆ ಮುಖ ನನಗೆ ಮರೆತಿಲ್ಲ. ಮಗನನ್ನು ಕರೆಸಿ, ತಪ್ಪು ನನ್ನದು ಅಂತ ಅವರೆದುರಿಗೇ ಹೇಳಿದೆ.

ಅವತ್ತಿನಿಂದ ಒಂದೇ ಸ್ಕ್ಯಾನ್ ನೋಡಿ ರಿಸ್ಕ್ ಅನ್ನುವ ಪದ ಬರೆದಿಲ್ಲ.

ಅಲ್ಲಿಂದ ದಾರಿ ಬದಲಾಯಿಸಿದೆ. ಒಂದು, ನಮ್ಮ ಜನರದ್ದೇ ಅಳತೆ ಬೇಕು. ಎರಡು, ಗಾತ್ರಕ್ಕಿಂತ ಇಳಿಯುವ ವೇಗ ಮುಖ್ಯ. ಎರಡನೆಯದು ಹೊಸ ಮಾತೇನಲ್ಲ. ಆರೋಗ್ಯವಂತ ವಯಸ್ಸಾದವರಲ್ಲಿ ಹಿಪ್ಪೋಕ್ಯಾಂಪಸ್ ವರ್ಷಕ್ಕೆ ಶೇ. 1ರಿಂದ 1.5ರಷ್ಟು ಇಳಿದರೆ, ಅಲ್ಝೈಮರ್ ಇರುವವರಲ್ಲಿ ಶೇ. 4ರ ಮೇಲೆ ಇಳಿಯುತ್ತದೆ ಅನ್ನುವುದು ಎಲ್ಲರೂ ಓದಿರುವುದೇ. ಆದರೆ ಒಂದು ಬದಿಯ ಹಿಪ್ಪೋಕ್ಯಾಂಪಸ್ ಮೂರೂವರೆ ಎಂಎಲ್ ಆಸುಪಾಸು ಇರುವಂಥದ್ದು. ಅದರಲ್ಲಿ ಶೇ. 4 ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮೆಷಿನ್ ತಪ್ಪೇ ಅಷ್ಟಿದ್ದರೆ ಏನು ಅಳೆದ ಹಾಗಾಯಿತು?

ಅದನ್ನು ತಿಳಿಯಲು ನಮ್ಮ ಸೆಂಟರಿನ ಆರು ಜನ ಸಿಬ್ಬಂದಿಯನ್ನು ಒಂದೇ ದಿನ ಎರಡು ಸಲ ಸ್ಕ್ಯಾನ್ ಮಾಡಿದೆ. ನಡುವೆ ಟೇಬಲಿನಿಂದ ಇಳಿಸಿ, ಟೀ ಕುಡಿಸಿ, ಮತ್ತೆ ಮಲಗಿಸಿದೆ. ಒಂದೇ ತಲೆಯಲ್ಲಿ ಶೇ. 3ರವರೆಗೆ ವ್ಯತ್ಯಾಸ ಬಂತು! ಎದೆ ಒಡೆದ ಹಾಗಾಯಿತು. ಆಮೇಲೆ ಫ್ರೀಸರ್ಫರ್‌ನ ಲಾಂಗಿಟ್ಯೂಡಿನಲ್ ವಿಧಾನದಲ್ಲಿ ಓಡಿಸಿದೆ. ಇದರಲ್ಲಿ ಒಬ್ಬರದ್ದೇ ಎರಡು ಸ್ಕ್ಯಾನ್ ಸೇರಿಸಿ ಮೊದಲು ಅವರದ್ದೇ ಒಂದು ಅಚ್ಚು ಮಾಡಿಕೊಳ್ಳುತ್ತದೆ, ಆಮೇಲೆ ಎರಡನ್ನೂ ಅದಕ್ಕೆ ಕೂರಿಸಿ ಅಳೆಯುತ್ತದೆ. ವ್ಯತ್ಯಾಸ ಶೇ. 1ರ ಹತ್ತಿರಕ್ಕೆ ಇಳಿಯಿತು. ಇಷ್ಟಾದರೆ 1.5 ಟೆಸ್ಲಾ ಸಾಕು. ಸ್ಕ್ಯಾನಿನಲ್ಲಿ ಅಲ್ಝೈಮರ್ ಗುರುತು ಹುಡುಕುವ ಅಮೆರಿಕದ ದೊಡ್ಡ ಎಡಿಎನ್ಐ ಅಧ್ಯಯನ 2004ರಲ್ಲಿ ಶುರುವಾದಾಗ ಅವರೂ ಜಾಸ್ತಿ ನಡೆಸಿದ್ದು 1.5ರಲ್ಲೇ ಅಲ್ವಾ?

ಇನ್ನು ಅಲುಗಾಟ. ತಲೆ ಸ್ವಲ್ಪ ಅಲುಗಾಡಿದರೂ ಗ್ರೇ ಮ್ಯಾಟರ್ (ಮೆದುಳಿನ ಬೂದು ಭಾಗ) ಕಮ್ಮಿ ಇರುವ ಹಾಗೆ ಲೆಕ್ಕ ಬರುತ್ತದೆ. ಅಂದರೆ ಕಾಯಿಲೆಯ ಹಾಗೇ ಕಾಣುತ್ತದೆ. ವಯಸ್ಸಾದವರು ಮೊದಲ ಹತ್ತು ನಿಮಿಷ ಚೆನ್ನಾಗಿ ಮಲಗುತ್ತಾರೆ, ಆಮೇಲೆ ಕೆಮ್ಮು, ಸೊಂಟನೋವು, ಬಾತ್‌ರೂಮ್. ಅದಕ್ಕೆ ನಾನು ಅಳತೆಗೆ ಬೇಕಾದ 3ಡಿ ಟಿ1 ಚಿತ್ರವನ್ನು ಮೊದಲೇ ತೆಗೆಯುತ್ತೇನೆ, 1 ಮಿಮೀ ಐಸೊಟ್ರೋಪಿಕ್ (ಎಲ್ಲ ದಿಕ್ಕಿನಲ್ಲೂ ಒಂದೇ ಅಳತೆ), ಏಳು ನಿಮಿಷಕ್ಕೆ ಸ್ವಲ್ಪ ಹೆಚ್ಚು ಕಮ್ಮಿ. ಫ್ಲೇರ್, ಎಸ್‌ಡಬ್ಲ್ಯುಐ ಥರದ ಬೇರೆ ಎಂಆರ್‌ಐ ಚಿತ್ರಗಳೆಲ್ಲ ಆಮೇಲೆ. ಮಳೆಗಾಲದಲ್ಲಿ ಕೆಮ್ಮು ಇದ್ದವರನ್ನು ವಾಪಸ್ ಕಳಿಸಿ ಎರಡು ವಾರ ಬಿಟ್ಟು ಕರೆಯುತ್ತೇನೆ. ತಲೆಯನ್ನು ಎರಡನೇ ಸಲವೂ ಮೊದಲಿನ ಕೋನದಲ್ಲೇ ಕೂರಿಸಲು ನಾನೂ ನಮ್ಮ ಟೆಕ್ನಿಷಿಯನ್ನೂ ಸೇರಿ ಒಂದು ಉಪಾಯ ಮಾಡಿಕೊಂಡಿದ್ದೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಂಡುಕೊಳ್ಳಲು ನಮಗೆ ಎಂಟು ತಿಂಗಳು ಹಿಡಿಯಿತು. ಶಿವಮೊಗ್ಗಕ್ಕೆ ಬಂದರೆ ಖಂಡಿತ ತೋರಿಸುತ್ತೇನೆ.

ನಮ್ಮ ಜನರ ಅಳತೆಗೆ ಬರೋಣ. ಹೈದರಾಬಾದಿನ ಐಐಐಟಿಯವರು ಭಾರತೀಯರ ಮೆದುಳಿನ ಅಟ್ಲಾಸ್ (ಸರಾಸರಿ ನಕ್ಷೆ) ಮಾಡಿದ್ದಾರೆ. ನಮ್ಮ ಮೆದುಳು ಹೊರಗಿನವರ ಅಟ್ಲಾಸಿಗಿಂತ ಉದ್ದ, ಅಗಲ, ಎತ್ತರದಲ್ಲಿ ಚಿಕ್ಕದು ಅಂತ ಅದರಲ್ಲೇ ಬಂದಿದೆ. ಆದರೆ ಅದು 20ರಿಂದ 30 ವಯಸ್ಸಿನ ಆಸುಪಾಸಿನವರದ್ದು, ನನಗೆ ಬೇಕಾಗಿದ್ದು 55 ದಾಟಿದವರದ್ದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 45 ದಾಟಿದ 10,000 ಹಳ್ಳಿ ಜನರನ್ನು ವರ್ಷಗಟ್ಟಲೆ ನೋಡುತ್ತಾ ಹೋಗುವ ದೊಡ್ಡ ಕೆಲಸ ಹಿಡಿದಿದ್ದಾರೆ. ಅದನ್ನು ಓದಿದ ಮೇಲೆ ನಾನೂ ಸಣ್ಣದಾಗಿ ಯಾಕೆ ಮಾಡಬಾರದು ಅನ್ನಿಸಿತು.

ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಗಲು ಐದಾರು ತಿಂಗಳು. ಸೆಂಟರ್ ಮಾಲೀಕರು ಭಾನುವಾರ ಮೆಷಿನ್ ಬಿಟ್ಟುಕೊಟ್ಟರು, ಟೆಕ್ನಿಷಿಯನ್ ಸಂಬಳ ಮಾತ್ರ ನೀವೇ ಕೊಡಿ ಅಂದರು. ದಿನಕ್ಕೆ 800, ಬಂದವರಿಗೆ ಬಸ್ ಚಾರ್ಜು, ತಿಂಡಿ. ಮೊದಲ 30 ಜನ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು. ಸುಲಭವಾಗಿ ಸಿಕ್ಕರು ಅಂತ ಖುಷಿಪಟ್ಟಿದ್ದೆ. ಆಮೇಲೆ ಹೊಳೆಯಿತು, ಚಿಕಿತ್ಸೆಗೆ ಬರುವವರಲ್ಲಿ ಅರ್ಧ ಜನ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಅವರನ್ನು ಮೇಷ್ಟ್ರ ಅಳತೆಗೆ ಹೋಲಿಸಿದರೆ ಹೇಗೆ? ನೆನಪಿನ ಪರೀಕ್ಷೆಯಲ್ಲೂ ಇದೇ ತೊಂದರೆ. ಓದು ಬಾರದವರಿಗೂ ಆಗುವಂಥ ಕನ್ನಡದ ಪ್ರಶ್ನೆಗಳನ್ನೇ ಹಿಡಿಯಬೇಕು. ಮತ್ತೆ ತೋಟದ ಕೆಲಸದವರು, ಬೀಡಿ ಕಟ್ಟುವ ಹೆಂಗಸರು, ಸಂತೆಯಲ್ಲಿ ತರಕಾರಿ ಮಾರುವವರು, ಹೀಗೆ ಹುಡುಕಿ ಹುಡುಕಿ ಸೇರಿಸಿ 85ರ ಹತ್ತಿರ ಬಂತು. ಒಟ್ಟು ಖರ್ಚು, ಕಂಪ್ಯೂಟರ್ ಸೇರಿ, ಮೂರು ವರ್ಷದಲ್ಲಿ ಐದು ಲಕ್ಷ ದಾಟಿದೆ. ಮನೆಯಲ್ಲಿ ಕೇಳಿದಾಗ ಮೂರೂವರೆ ಅಂದಿದ್ದೆ.

ನಡುವೆ ಒಂದು ಹೊಡೆತ. ಒಂದು ದಿನ ಸರ್ವಿಸ್ ಇಂಜಿನಿಯರ್ ಬಂದು ಮೆಷಿನ್ ಸಾಫ್ಟ್‌ವೇರ್ ಬದಲಾಯಿಸಿ ಹೋದರು, ನಮಗೆ ಮೊದಲೇ ಹೇಳಲಿಲ್ಲ. ಮುಂದಿನ ತಿಂಗಳು ಬಂದವರೆಲ್ಲರ ಹಿಪ್ಪೋಕ್ಯಾಂಪಸ್ ಬೆಳೆದುಬಿಟ್ಟಿತ್ತು! ಹತ್ತು ಜನ ಹಳಬರನ್ನು ಮತ್ತೆ ಕರೆಸಿ ಸ್ಕ್ಯಾನ್ ಮಾಡಿ ಸರಿದೂಗಿಸಬೇಕಾಯಿತು. ಆ ಲೆಕ್ಕ ಹೇಗೆ ಹಾಕಿದೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀವು ಶುರು ಮಾಡುವವರಾದರೆ ಮೆಷಿನ್ ರೂಮಿನ ಬಾಗಿಲಿಗೇ ಒಂದು ಚೀಟಿ ಅಂಟಿಸಿ, ಕೇಳದೆ ಅಪ್‌ಡೇಟ್ ಮಾಡಬೇಡಿ ಅಂತ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಎಎಸ್ಎಲ್ ಅನ್ನುವ ಎಂಆರ್‌ಐ ವಿಧಾನ ಹಾಕಿ ಮೆದುಳಿನ ರಕ್ತದ ಹರಿವು ನೋಡೋಣ ಅಂತ ಹೊರಟೆ. 1.5ರಲ್ಲಿ ಬರೀ ಗದ್ದಲ, ಎರಡು ತಿಂಗಳಿಗೆ ಬಿಟ್ಟೆ. ವಾಸನೆ ಪರೀಕ್ಷೆ ನನಗೆ ತುಂಬ ಇಷ್ಟವಾದದ್ದು. ಅಲ್ಝೈಮರ್‌ನಲ್ಲಿ ವಾಸನೆ ಗುರುತಿಸುವ ಶಕ್ತಿ ಬೇಗ ಕುಂದುತ್ತದೆ. ಹಿಪ್ಪೋಕ್ಯಾಂಪಸ್‌ಗೆ ಅಂಟಿಕೊಂಡಿರುವ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲೇ ಕಾಯಿಲೆ ಮೊದಲು ಬೇರು ಬಿಡುವುದು, ವಾಸನೆಯ ದಾರಿಯೂ ಅಲ್ಲೇ ಹಾದು ಹೋಗುತ್ತದೆ. ಹೊರಗಿನ ಕಿಟ್ ದುಬಾರಿ, ಅದರಲ್ಲಿರುವ ವಾಸನೆಗಳು ನಮ್ಮವರಿಗೆ ಗೊತ್ತೂ ಇಲ್ಲ. ನಾನು ಇಂಗು, ಏಲಕ್ಕಿ, ಕಾಫಿ ಪುಡಿ, ಮಲ್ಲಿಗೆ, ಸೀಮೆಎಣ್ಣೆ ಸಣ್ಣ ಡಬ್ಬಿಗಳಲ್ಲಿ ಇಟ್ಟೆ. ಹೆಂಗಸರಲ್ಲಿ ಚೆನ್ನಾಗಿ ನಡೆಯಿತು. ಗಂಡಸರಲ್ಲಿ ಕೆಟ್ಟಿತು. ಯಾಕೆ ಅಂತ ಎಷ್ಟೋ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅರ್ಧ ಜನ ನಶ್ಯ ಏರಿಸುವವರು. ಈಗಲೂ ಹೆಂಗಸರಿಗೆ ಮಾತ್ರ ಮಾಡುತ್ತೇನೆ.

ನಂಬಿಸಿದ ಕೇಸು ಇದು. ಹಾಲಿನ ಡೇರಿಯ ಲೆಕ್ಕ ಬರೆಯುವ ಅಮ್ಮ, 64. ಪರೀಕ್ಷೆಯಲ್ಲಿ ಎಲ್ಲ ಅಂಕ ಸರಿ. ಬಿ12, ಥೈರಾಯ್ಡ್ ಸರಿ. ಮಗಳು ಮಾತ್ರ ಪಟ್ಟು ಬಿಡಲಿಲ್ಲ. "ಅಮ್ಮ ಮೊದಲು ಬಾಯಲ್ಲೇ ಕೂಡಿಸ್ತಿದ್ರು ಸಾರ್, ಈಗ ಬೆರಳು ಎಣಿಸ್ತಾರೆ" ಅಂದಳು. ಮೊದಲ ಸ್ಕ್ಯಾನಿನಲ್ಲಿ ಎಂಟಿಎ ಎರಡೂ ಕಡೆ 1, ಆ ವಯಸ್ಸಿಗೆ ಯಾರೂ ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ನಮ್ಮ ಅಳತೆಯಲ್ಲೂ ನಡುವಿನಲ್ಲೇ ಇದ್ದರು. 15 ತಿಂಗಳಿಗೆ ಮತ್ತೆ ಕರೆದೆ. ಎಡಗಡೆ ಶೇ. 6ರಷ್ಟು ಇಳಿದಿತ್ತು, ಬಲಗಡೆ 4ರ ಹತ್ತಿರ. ಎಂಟಿಎ ಆಗಲೂ 1 ಅಂತಲೇ ಕಾಣುತ್ತಿತ್ತು, ಬೇಕಾದರೆ ಯಾರಿಗಾದರೂ ತೋರಿಸಿ. ಆ ಹಿರಿಯ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿದೆ. ಅವರು ಅರೆಮನಸ್ಸಿನಿಂದ ಬೆಂಗಳೂರಿಗೆ ಅಮೈಲಾಯ್ಡ್ ಪೆಟ್‌ಗೆ (ಅಲ್ಝೈಮರ್‌ನಲ್ಲಿ ಮೆದುಳಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್ ಪ್ರೋಟೀನನ್ನು ತೋರಿಸುವ ಸ್ಕ್ಯಾನ್) ಬರೆದುಕೊಟ್ಟರು. ಪಾಸಿಟಿವ್ ಬಂತು. ಕಾಯಿಲೆ ಬಂತಲ್ಲ ಅಂತ ಸಂಕಟ, ಹಿಡಿದೆವಲ್ಲ ಅಂತ ಸಮಾಧಾನ, ಎರಡೂ ಒಟ್ಟಿಗೇ ಆಯಿತು.

ಮರೆವಿನ ದೂರು ಇಟ್ಟುಕೊಂಡು ಬಂದು ಎರಡನೇ ಸ್ಕ್ಯಾನಿಗೂ ಬಂದವರು ಈವರೆಗೆ 30 ಜನ ಇರಬಹುದು. ಅದರಲ್ಲಿ ವೇಗವಾಗಿ ಇಳಿದವರು ಒಂಬತ್ತು. ಪೆಟ್‌ಗೆ ಹೋಗುವ ಶಕ್ತಿ ಇದ್ದದ್ದು ಆರು ಜನಕ್ಕೆ, ಐದು ಪಾಸಿಟಿವ್.

ಹಿಡಿದು ಏನು ಮಾಡುತ್ತೀರಿ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಅಲ್ಝೈಮರ್ ಔಷಧಿಗಳಾದ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಪೂರ್ತಿ ಅನುಮತಿ ಸಿಕ್ಕಿದೆ. ಅವು ಕೆಲಸ ಮಾಡುವುದೇ ಶುರುವಿನ ಹಂತದಲ್ಲಿ. ಮೆದುಳಲ್ಲಿ ಊತ, ಸಣ್ಣ ರಕ್ತಸ್ರಾವ ಆಗುತ್ತದಾ ಅಂತ ನೋಡಲು ಎಂಆರ್‌ಐ ಪದೇ ಪದೇ ಬೇಕು, ಅದೂ ನಮ್ಮದೇ ಕೆಲಸ. ಔಷಧಿ ಕೈಗೆಟುಕದವರಿಗೂ ಬಿಪಿ, ಶುಗರ್, ಕಿವಿಯ ಮೆಷಿನ್ ಇದೆಯಲ್ಲ. ಡೇರಿಯ ಅಮ್ಮ ತಮ್ಮ ಜಮೀನು ಪತ್ರ ಯಾರ ಹೆಸರಿಗೆ ಅಂತ ತಾವೇ ಕೂತು ಬರೆಸಿದರು, ಪೂರ್ತಿ ಬುದ್ಧಿ ಇರುವಾಗಲೇ. ಲೆಕ್ಕದ ಪುಸ್ತಕ ಮಗಳ ಜೊತೆ ಸೇರಿ ಈಗಲೂ ಬರೆಯುತ್ತಾರೆ.

ಮುಂದಿನ ವರ್ಷ ನಮ್ಮಲ್ಲಿಗೆ 3 ಟೆಸ್ಲಾ ಬರುತ್ತಿದೆ. ಎಲ್ಲರೂ ಅಭಿನಂದನೆ ಹೇಳುತ್ತಿದ್ದಾರೆ, ನನಗೆ ಮಾತ್ರ ನಿದ್ದೆ ಇಲ್ಲ. ಹಳೇ ಮೆಷಿನ್ ಹೋದರೆ ಹಳೇ ಅಳತೆಯೆಲ್ಲ ಹೋದ ಹಾಗೆ. ಎರಡೂ ಮೆಷಿನ್ ಒಟ್ಟಿಗೆ ಓಡುವ ಹಾಗೆ ಹದಿನೈದು ದಿನ ಕೊಡಿ ಅಂತ ಮಾಲೀಕರನ್ನು ಕೇಳಿದ್ದೇನೆ, 20 ಜನರನ್ನು ಎರಡರಲ್ಲೂ ಸ್ಕ್ಯಾನ್ ಮಾಡಬೇಕು. ಸದ್ಯಕ್ಕೆ ಎರಡು ಭಾನುವಾರಕ್ಕೆ ಒಪ್ಪಿದ್ದಾರೆ.